ಕರಡಿ ಕೇಳಿದ ಕಿವಿಗೆ ಡೂಮ್ ಮೆಟಲ್

ಕರ್ನಾಟಕದಲ್ಲಿ ಡೂಮ್ ಮತ್ತು ಸ್ಲಜ್ ಮೆಟಲ್ ಸಂಗೀತಕ್ಕೆ ನೆಲೆ ಅಂತ ಇರುವುದು ಬೆಂಗಳೂರಿನಲ್ಲಿ. ಅಲ್ಲಿಯೂ ಅದು ದೊಡ್ಡ ಮೈದಾನದ ಸಂಗೀತವಲ್ಲ. ಪಬ್ಬುಗಳಲ್ಲಿ, ಸಣ್ಣ ಸಭಾಂಗಣಗಳಲ್ಲಿ ಕಪ್ಪು ಟೀ ಶರ್ಟು ತೊಟ್ಟು ಸೇರುವ ಒಂದು ಚಿಕ್ಕ ಬಳಗದ ಸಂಗೀತ. ಐನೂರು ಕಿಲೋಮೀಟರಿಗೂ ಆಚೆ, ಕೃಷ್ಣಾ-ಘಟಪ್ರಭಾ ಸೀಮೆಯ ಕಬ್ಬು, ಸಕ್ಕರೆ, ಮಗ್ಗಗಳ ನಡುವೆ ಬದುಕುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಗೆ ಇದು ಯಾವ ಲೋಕದ್ದೋ ಎನಿಸಿದರೆ ಆಶ್ಚರ್ಯವಿಲ್ಲ. ಯೂಟ್ಯೂಬಿನಲ್ಲಿ ಅರ್ಧ ನಿಮಿಷ ನೋಡಿ, ಇದು ಸಂಗೀತವೋ ಗದ್ದಲವೋ ಎಂದು ಕೇಳಿ ಮುಂದಕ್ಕೆ ಸರಿಸುವವರೇ ಹೆಚ್ಚು. ಈ ಲೇಖನದ ವಾದ ಅದಕ್ಕೆ ವಿರುದ್ಧ: ಈ ಸಂಗೀತವನ್ನು ಕೇಳಲು ಬೇಕಾದ ಕಿವಿ ಬೆಂಗಳೂರಿನ ಪಬ್ಬುಗಳಿಗಿಂತ ಈ ಸೀಮೆಯಲ್ಲೇ ಹೆಚ್ಚು ತಯಾರಾಗಿದೆ. ನಿಧಾನ ಲಯ, ಎದೆ ನಡುಗಿಸುವ ಮಂದ್ರ ಸದ್ದು, ನಾಲ್ಕು ಜನರ ನಡುವೆ ಗಟ್ಟಿಯಾಗಿ ಹೇಳಿಕೊಳ್ಳುವ ದುಃಖ ಎಂಬ ಮೂರರಿಂದ ಡೂಮ್ ಕಛೇರಿ ಆಗುತ್ತದೆ. ಮೂರೂ ಇಲ್ಲಿ ತಲೆಮಾರುಗಳಿಂದ ಇವೆ. ವ್ಯತ್ಯಾಸ ಇಷ್ಟೇ, ಇಲ್ಲಿ ಅವು ಬೇರೆ ಬೇರೆ ಕಡೆ ಇವೆ, ಅಲ್ಲಿ ಒಂದೇ ವೇದಿಕೆಯ ಮೇಲೆ ಒಟ್ಟಿಗೆ ಬರುತ್ತವೆ.

ಮೊದಲು ವಸ್ತುವನ್ನು ಪರಿಚಯ ಮಾಡಿಕೊಳ್ಳೋಣ. ಹೆವಿ ಮೆಟಲ್ ಎಂದಾಗ ಹೆಚ್ಚಿನವರ ಕಣ್ಣ ಮುಂದೆ ಬರುವುದು ವೇಗ: ಬೆರಳು ಕಾಣದಂತೆ ಓಡುವ ಗಿಟಾರ್, ಗುಂಡು ಹಾರಿಸಿದಂಥ ಡ್ರಮ್. ಡೂಮ್ ಮೆಟಲ್ ಆ ವೇಗವನ್ನು ಬಿಟ್ಟುಕೊಟ್ಟ ಕವಲು. ರಿಫ್ ಎಂದು ಕರೆಯುವ ನಾಲ್ಕಾರು ಸ್ವರಗಳ ಒಂದು ಪಲುಕನ್ನು ಗಿಟಾರ್ ಮತ್ತು ಬೇಸ್ ಒಟ್ಟಿಗೆ, ಬಹಳ ನಿಧಾನವಾಗಿ, ಮತ್ತೆ ಮತ್ತೆ ನುಡಿಸುತ್ತವೆ. ಹಾಡು ಹತ್ತು ಹನ್ನೆರಡು ನಿಮಿಷ ನಡೆಯುವುದು ಸಾಮಾನ್ಯ. ಕ್ಯಾಲಿಫೋರ್ನಿಯಾದ ಸ್ಲೀಪ್ ತಂಡದ ‘ಡೋಪ್‌ಸ್ಮೋಕರ್’ ಒಂದು ಗಂಟೆಗೂ ಮಿಕ್ಕಿದ ಒಂದೇ ಹಾಡು. ಸ್ಲಜ್ ಎಂಬುದು ಇದೇ ನಿಧಾನಕ್ಕೆ ಪಂಕ್ ಸಂಗೀತದ ಒರಟು ಕೂಗು, ಕೆಸರಿನಂಥ ಸದ್ದು ಸೇರಿದ ಬಗೆ. ಅಮೆರಿಕದ ಮೆಲ್ವಿನ್ಸ್ ತಂಡ 1980ರ ದಶಕದಲ್ಲಿ ಅದಕ್ಕೆ ದಾರಿ ಮಾಡಿತು, ನ್ಯೂ ಆರ್ಲಿಯನ್ಸ್ ಊರಿನಲ್ಲಿ ಐಹೇಟ್‌ಗಾಡ್, ಕ್ರೋಬಾರ್ ತಂಡಗಳು ಅದನ್ನು ಬೆಳೆಸಿದವು. ಇವೆಲ್ಲಕ್ಕೂ ಮೂಲ ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್. 1970ರ ಫೆಬ್ರವರಿ 13ರಂದು ಅವರ ಮೊದಲ ಆಲ್ಬಂ ಬಂತು. 2025ರ ಜುಲೈ 5ರಂದು ತಮ್ಮದೇ ಊರಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಕೊನೆಯ ಕಛೇರಿ ಕೊಟ್ಟರು. ಅದಾಗಿ ಮೂರು ವಾರ ತುಂಬುವುದರೊಳಗೆ ಅವರ ಹಾಡುಗಾರ ಆಝಿ ಆಸ್ಬರ್ನ್ ತೀರಿಕೊಂಡರು.

ಈ ಸಂಗೀತ ಇಷ್ಟು ಮಂದ್ರಕ್ಕೆ ಇಳಿದ ಕಥೆಯಲ್ಲಿ ಒಂದು ಕಾರ್ಖಾನೆ ಇದೆ. ಸಬ್ಬತ್ ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಹದಿನೇಳರ ಹರೆಯದಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಅವರು ಎಡಚರು, ಹಾಗಾಗಿ ತಂತಿ ಒತ್ತಬೇಕಾದ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಮೇಲೆ ತೊಗಲು ಅಂಟಿಸಿದರು, ತೆಳು ತಂತಿ ಹಾಕಿದರು, ಕೊನೆಗೆ ತಂತಿಗಳನ್ನೇ ಸಡಿಲಿಸಿದರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಂ ಹೊತ್ತಿಗೆ ಅವರ ಗಿಟಾರ್ ಮಾಮೂಲಿಗಿಂತ ಮೂರು ಸ್ವರಸ್ಥಾನ ಕೆಳಗೆ ಇಳಿದಿತ್ತು. ಡೂಮ್‌ನ ಭಾರ ಹುಟ್ಟಿದ್ದು ಹೀಗೆ. ಇದನ್ನು ಓದಿದ ಕೂಡಲೇ, ಕಾರ್ಖಾನೆ ಊರಿನ ಸದ್ದೇ ಸಂಗೀತವಾಯಿತು, ನಮ್ಮ ರಬಕವಿ-ಬನಹಟ್ಟಿಯ ಮಗ್ಗಗಳೂ ಹಾಗೇ ಅಲ್ಲವೆ ಎಂದು ಬರೆದುಬಿಡುವ ಆಸೆ ಆಗುತ್ತದೆ. ಆ ಆಸೆಗೆ ಬೀಳಬಾರದು. ಬನಹಟ್ಟಿಯಲ್ಲಿ ಪವರ್‌ಲೂಮ್ ಓಡಲು ಶುರುವಾಗಿ ತಲೆಮಾರುಗಳೇ ಕಳೆದಿವೆ, ಲಾಳಿಯ ಬಡಿತ ಓಣಿ ಓಣಿಯಲ್ಲಿ ಕೇಳುತ್ತದೆ, ಅದರಿಂದ ಯಾವ ಮೆಟಲ್ಲೂ ಹುಟ್ಟಲಿಲ್ಲ. ಯಂತ್ರದ ಸದ್ದು ತಾನಾಗಿ ಸಂಗೀತವಾಗುವುದಿಲ್ಲ. ಈ ಸೀಮೆಯನ್ನು ಡೂಮ್‌ಗೆ ಹತ್ತಿರ ತರುವುದು ಮಗ್ಗವಲ್ಲ, ಇಲ್ಲಿನ ಜನ ಆಗಲೇ ಕಟ್ಟಿಕೊಂಡಿರುವ ಸಂಗೀತ.

ಬೆಂಗಳೂರಿನ ಕಥೆ ಚಿಕ್ಕದಾಗಿ. ನಗರದ ಮೆಟಲ್ ಪ್ರೀತಿ ಹೊರಗಿನವರ ಕಣ್ಣಿಗೆ ಬಿದ್ದದ್ದು 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದಾಗ. 2012ರಿಂದ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಉತ್ಸವವೂ ಶುರುವಾಯಿತು. ಆದರೆ ನಿಧಾನದ ಕವಲು ಅದಕ್ಕೂ ಹಳೆಯದು. ಡೈಯಿಂಗ್ ಎಂಬ್ರೇಸ್ ತಂಡ 1990ರ ದಶಕದಲ್ಲೇ ಡೆತ್ ಮತ್ತು ಡೂಮ್ ಬೆರೆಸಿ ನುಡಿಸುತ್ತಿತ್ತು. ಮುಂದೆ ಬೇವರ್ ಸೀ ಬಂತು (ಹೆಸರನ್ನು ಒಟ್ಟಿಗೆ ಓದಿದರೆ ಮನೆಯಲ್ಲಿ ಆಡಬಾರದ ಬೈಗುಳ), 2012ರಲ್ಲಿ ಮೊದಲ ಆಲ್ಬಂ, 2015ರಲ್ಲಿ ಎರಡನೆಯದು ತಂದಿತು. ಸ್ಲಜ್ ನುಡಿಸುವ ಶೆಪರ್ಡ್ ತಂಡದ ಆಲ್ಬಂ ಕೂಡ 2015ರದು. ಜಿನ್ ಆ್ಯಂಡ್ ಮಿಸ್ಕಟಾನಿಕ್ ತಂಡ 2013ರ ತನ್ನ ಮೊದಲ ಆಲ್ಬಮ್ಮನ್ನು ಬೇಸ್, ಡ್ರಮ್, ದನಿ ಮೂರನ್ನೇ ನಂಬಿ ಕಟ್ಟಿತು. ಮೆಟಲ್ ತಂಡಕ್ಕೆ ಗಿಟಾರೇ ಮೂಲ ಎಂದುಕೊಂಡವರಿಗೆ ಅದು ವಿಚಿತ್ರ. ಮಂದ್ರದ ಸದ್ದು ಮತ್ತು ಬಡಿತ ಎರಡೇ ಒಂದು ಸಂಜೆಯನ್ನು ಹೊತ್ತೊಯ್ಯಬಲ್ಲವು ಎಂದು ಕರಡಿ ಎಂಬ ಚರ್ಮವಾದ್ಯ ಕೇಳಿ ಬೆಳೆದ ಈ ಸೀಮೆಯವರಿಗೆ ಮಾತ್ರ ಹೇಳಿಕೊಡಬೇಕಾಗಿಲ್ಲ.

ನಿಧಾನದ ಮಾತು ತೆಗೆದುಕೊಳ್ಳಿ. ಡೂಮ್ ಕೇಳಿ ಬೇಸರಪಡುವವರ ಮೊದಲ ದೂರು, ಇದು ಮುಂದಕ್ಕೇ ಹೋಗುವುದಿಲ್ಲ ಎಂಬುದು. ನಿಮಿಷಕ್ಕೆ ಅರವತ್ತು ಬಡಿತದ ಲಯದಲ್ಲಿ ನಾಲ್ಕು ಬಡಿತದ ಒಂದು ಸುತ್ತು ಮುಗಿಯಲು ನಾಲ್ಕು ಸೆಕೆಂಡ್ ಬೇಕು, ಸಿನಿಮಾ ಹಾಡಿಗೆ ಒಗ್ಗಿದ ಕಿವಿಗೆ ಅದು ತಾಳ್ಮೆ ಕೆಡಿಸುವಷ್ಟು ನಿಧಾನ. ಆದರೆ ಉತ್ತರ ಕರ್ನಾಟಕ ಹಿಂದೂಸ್ತಾನಿ ಖಯಾಲಿನ ಸೀಮೆ. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ಲ, ಗದಗಿನ ಭೀಮಸೇನ ಜೋಶಿ ಇವರೆಲ್ಲ ಬಡಾ ಖಯಾಲನ್ನು ವಿಳಂಬಿತ ಏಕತಾಲದಲ್ಲಿ ಹಾಡಿದರು. ಅದರಲ್ಲಿ ಹನ್ನೆರಡು ಮಾತ್ರೆಯ ಒಂದು ಆವರ್ತನಕ್ಕೆ ಸುಮಾರು ಒಂದು ನಿಮಿಷ ಹಿಡಿಯುವುದುಂಟು. ಹಾಡುಗಾರ ಒಂದೇ ಸ್ವರದ ಸುತ್ತ ಸುಳಿದಾಡಿ, ಆವರ್ತನದ ಮೊದಲ ಮಾತ್ರೆಯಾದ ಸಮ್‌ಗೆ ಬಂದು ಮುಟ್ಟುವ ತನಕ ಕೇಳುಗ ಕಾಯುತ್ತಾನೆ, ಮುಟ್ಟಿದಾಗ ತಲೆದೂಗುತ್ತಾನೆ. ಈ ಅಳತೆಗೋಲು ಹಿಡಿದರೆ ಡೂಮ್ ಮೆಟಲ್ ಅವಸರದ ಸಂಗೀತ! ಡೂಮ್ ಕಛೇರಿಯಲ್ಲಿಯೂ ಮಾಡುವ ಕೆಲಸ ಅದೇ: ರಿಫ್‌ನ ಕೊನೆಯ ಸ್ವರ ಎಳೆದು ನಿಲ್ಲುತ್ತದೆ, ಡ್ರಮ್ಮಿನವನು ಕೋಲು ಮೇಲೆತ್ತಿ ಒಂದು ಕ್ಷಣ ತಡೆಯುತ್ತಾನೆ, ಮುಂದಿನ ಬಡಿತ ಬೀಳುವ ಹೊತ್ತಿಗೆ ಸಭೆಯ ಎಲ್ಲ ತಲೆಗಳೂ ಒಟ್ಟಿಗೆ ಕೆಳಗಿಳಿಯುತ್ತವೆ. ಖಯಾಲಿನಲ್ಲಿ ಇರುವ ರಾಗವಿಸ್ತಾರದ ಬೆಡಗು ಇಲ್ಲಿಲ್ಲ, ಅದನ್ನು ಒಪ್ಪಬೇಕು. ಒಪ್ಪಿದರೂ, ಕಾಯಿಸುವುದನ್ನೇ ಸಂಗೀತದ ಸುಖ ಮಾಡಿಕೊಂಡ ನಾಡಿನವರು ‘ಬಹಳ ನಿಧಾನ’ ಎಂಬ ದೂರನ್ನು ಎತ್ತುವಂತಿಲ್ಲ.

ಎರಡನೆಯದು ಮಂದ್ರ ಸದ್ದು. ಇಲ್ಲಿ ಸ್ವಲ್ಪ ಲೆಕ್ಕ ಬೇಕಾಗುತ್ತದೆ, ಏಕೆಂದರೆ ಈ ಸಂಗೀತವನ್ನು ಮೊಬೈಲಿನಲ್ಲಿ ಕೇಳಿ ತೀರ್ಪು ಕೊಡುವುದು ಯಾಕೆ ತಪ್ಪು ಎಂಬುದು ಲೆಕ್ಕದಲ್ಲೇ ಇದೆ. ಗಿಟಾರಿನ ಅತಿ ಕೆಳಗಿನ ತಂತಿ ಮಾಮೂಲಿ ಶ್ರುತಿಯಲ್ಲಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಅಯೋಮಿಯಂತೆ ಮೂರು ಸ್ವರಸ್ಥಾನ ಇಳಿಸಿದರೆ 69. ಬೇಸ್ ಗಿಟಾರಿನ ಕೆಳ ತಂತಿಯ ಕಂಪನ ಗಿಟಾರಿನದರ ಅರ್ಧ, ಮಾಮೂಲಿ ಶ್ರುತಿಯಲ್ಲಿ 41. ಆ ಸದ್ದಿನ ಒಂದೊಂದು ಅಲೆಯೂ ಗಾಳಿಯಲ್ಲಿ ಎಂಟು ಮೀಟರಿನಷ್ಟು ಉದ್ದ. ಕೈಯಲ್ಲಿ ಹಿಡಿಯುವ ಫೋನಿನ ಸ್ಪೀಕರ್ 200-300 ಹರ್ಟ್ಸ್‌ಗಿಂತ ಕೆಳಗಿನದನ್ನು ಹೆಚ್ಚೇನೂ ನುಡಿಸಲಾರದು. ಮೇಲಿನ ಅನುಸ್ವರಗಳನ್ನು ಕೇಳಿ ಮಿದುಳು ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ ನಿಜ, ಆದರೆ ಎದೆಗೂಡು ಹಾಗೆ ಊಹಿಸಿಕೊಳ್ಳುವುದಿಲ್ಲ. ಅಲ್ಲದೆ ಮನುಷ್ಯನ ಕಿವಿ ಮಂದ್ರಕ್ಕೆ ಮಂಕು. ಒಂದು ಸಾವಿರ ಹರ್ಟ್ಸ್ ಸದ್ದಿನಷ್ಟೇ ಗಟ್ಟಿಯಾಗಿ 40 ಹರ್ಟ್ಸ್ ಸದ್ದು ಕೇಳಬೇಕಾದರೆ ಅದನ್ನು ಬಹಳ ಹೆಚ್ಚು ಬಲದಿಂದ ನುಡಿಸಬೇಕು. ಇದನ್ನು ಫ್ಲೆಚರ್ ಮತ್ತು ಮುನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಡೂಮ್ ತಂಡಗಳು ಆಳೆತ್ತರದ ಸ್ಪೀಕರ್ ಡಬ್ಬಿಗಳನ್ನು ವೇದಿಕೆಯ ಹಿಂದೆ ಗೋಡೆಯಂತೆ ಜೋಡಿಸುವುದು ಬರೀ ಷೋಕಿಗಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ನಿಜವಾದ ಒಂದು ಎಲೆಕ್ಟ್ರಾನಿಕ್ ಸಂಗೀತದ ಕಛೇರಿಯಲ್ಲೇ ಪ್ರಯೋಗ ಮಾಡಿ 2022ರಲ್ಲಿ ಪ್ರಕಟಿಸಿದರು: 8ರಿಂದ 37 ಹರ್ಟ್ಸ್ ನಡುವಿನ ಸದ್ದನ್ನು ಆಗಾಗ ಹಚ್ಚಿ, ಆರಿಸಿ ನೋಡಿದಾಗ, ಹಚ್ಚಿದ್ದು ಜನರ ಅರಿವಿಗೆ ಬಾರದಿದ್ದರೂ ಅವರ ಕುಣಿತ ಶೇಕಡ 12ರಷ್ಟು ಹೆಚ್ಚಿತು.

ಈ ಪ್ರಯೋಗದ ಫಲಿತಾಂಶವನ್ನು ಜಮಖಂಡಿಯ ಕರಡಿ ಮಜಲು ಮೇಳದವರಿಗೆ ಓದಿ ಹೇಳಿದರೆ ನಕ್ಕಾರು. ಮರದ ಕೊಳವೆಯ ಎರಡೂ ಮುಖಕ್ಕೆ ತೊಗಲು ಬಿಗಿದ ಕರಡಿ, ಜೊತೆಗೆ ದೊಡ್ಡ ತಾಳ, ಸನಾದಿ ಎಂದು ಕರೆಯುವ ಶಹನಾಯಿ, ಅದಕ್ಕೆ ಶ್ರುತಿ. ಜಾತ್ರೆಯ ಪಲ್ಲಕ್ಕಿ ಮುಂದೆ, ಮದುವೆ ಮೆರವಣಿಗೆಯಲ್ಲಿ ಇದು ವಿಳಂಬದಲ್ಲಿ ಶುರುವಾಗಿ ಹಂತ ಹಂತವಾಗಿ ಏರುತ್ತದೆ. ಎದುರು ನಿಂತವನಿಗೆ ಕರಡಿಯ ಪೆಟ್ಟು ಕಿವಿಗಿಂತ ಮೊದಲು ಹೊಟ್ಟೆಗೆ ತಾಗುತ್ತದೆ. ಹೋಳಿಯ ಹೊತ್ತಿಗೆ ಬಾಗಲಕೋಟೆ ಸೀಮೆಯಲ್ಲಿ ಏಳುವ ಹಲಗಿಯ ಸದ್ದನ್ನೂ ಇದಕ್ಕೆ ಸೇರಿಸಿ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಬೀಳಗಿಯವರಾದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ 1977ರಲ್ಲಿ ‘ಸನಾದಿ ಅಪ್ಪಣ್ಣ’ ಚಿತ್ರವಾಯಿತು. ರಾಜಕುಮಾರ್ ಪಾತ್ರಕ್ಕೆ ಶಹನಾಯಿ ನುಡಿಸಿದವರು ಬಿಸ್ಮಿಲ್ಲಾ ಖಾನ್. ರೇಡಿಯೊದಲ್ಲಿ, ಗ್ರಾಮೊಫೋನ್ ತಟ್ಟೆಯಲ್ಲಿ, ಚಹಾ ಅಂಗಡಿಯ ಟೇಪಿನಲ್ಲಿ ಆ ಸನಾದಿ ನಾಡೆಲ್ಲ ಸುತ್ತಿತು. ಊರಲ್ಲಿ ಅದೇ ಸನಾದಿಯ ಪಕ್ಕ ನಿಲ್ಲುವ ಕರಡಿಗೆ ಆ ಯೋಗ ಬರಲಿಲ್ಲ. ಕಾರಣಗಳಲ್ಲಿ ಒಂದು ಕಲೆಯದಲ್ಲ, ಯಂತ್ರದ್ದು: ಸನಾದಿಯ ತಾರ ದನಿ ಚಿಕ್ಕ ಸ್ಪೀಕರಿನಲ್ಲೂ ಬದುಕುತ್ತದೆ, ಕರಡಿಯ ಮಂದ್ರ ಸಾಯುತ್ತದೆ. ಕರಡಿ ಕೇಳಬೇಕೆಂದರೆ ಕರಡಿಯ ಎದುರೇ ಹೋಗಿ ನಿಲ್ಲಬೇಕು. ಡೂಮ್ ಮೆಟಲ್ ಪಾಡೂ ಅದೇ. ಅದರ ಧ್ವನಿಮುದ್ರಿಕೆ ಎಷ್ಟೇ ಚೆನ್ನಾಗಿರಲಿ, ಅದು ಕಛೇರಿಯ ಗುರುತು ಮಾತ್ರ. ಎರಡಕ್ಕೂ ಅನ್ಯಾಯ ಮಾಡಿದ್ದು ಒಂದೇ ಪುಟ್ಟ ಸ್ಪೀಕರ್.

ಮೂರನೆಯ ಮಾತು ದುಃಖದ್ದು, ಆಕ್ಷೇಪಗಳು ಏಳುವುದೂ ಇಲ್ಲಿಂದಲೇ. ಡೂಮ್ ಹಾಡುಗಳ ವಸ್ತು ಸಾವು, ಸೋಲು, ನಶೆ, ದೇವರು ಕೈಬಿಟ್ಟ ಲೋಕ. ಎಳೆಯರು ಇಂಥದ್ದನ್ನು ಕೇಳಿ ಹಾಳಾಗುತ್ತಾರೆ ಎಂಬ ಮಾತು ಪಶ್ಚಿಮದಲ್ಲೂ ಇತ್ತು, ಇಲ್ಲೂ ಇದೆ. ಮುಧೋಳದ ನೆಲದಲ್ಲಿ ನಿಂತು ಈ ಮಾತು ಹೇಳುವುದು ಕಷ್ಟ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಹತ್ತನೆಯ ಶತಮಾನದಲ್ಲಿ ‘ಗದಾಯುದ್ಧ’ ಬರೆದ. ಕಾವ್ಯ ಭೀಮನ ಗೆಲುವಿನದು, ಅದರ ಇನ್ನೊಂದು ಹೆಸರೇ ‘ಸಾಹಸಭೀಮವಿಜಯ’. ಆದರೆ ಓದುಗರ ಎದೆಯಲ್ಲಿ ಉಳಿಯುವುದು ಸೋತ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುವ ಭಾಗ: ದ್ರೋಣ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಂತು ಅವನು ಅಳುತ್ತಾನೆ. ಕವಿ ಅವಸರ ಮಾಡುವುದಿಲ್ಲ, ಒಂದು ಹೆಣದಿಂದ ಮತ್ತೊಂದು ಹೆಣಕ್ಕೆ ನಿಧಾನವಾಗಿ ಕರೆದೊಯ್ಯುತ್ತಾನೆ. ಇದನ್ನು ಓದಿ ಯಾರೂ ಕೆಟ್ಟಿಲ್ಲ. ಮೊಹರಮ್ಮಿನಲ್ಲಿ ಇದೇ ಸೀಮೆಯ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರೆನ್ನದೆ ಸೇರಿ, ಅಲಾವಿ ಎಂಬ ಬೆಂಕಿ ಕುಣಿಯ ಸುತ್ತ ಹಲಗಿಯ ಬಡಿತಕ್ಕೆ ಹೆಜ್ಜೆ ಹಾಕಿ, ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಹುಸೇನರ ಶೋಕವನ್ನು ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ದುಃಖವನ್ನು ಮನೆಯ ಮೂಲೆಯಲ್ಲಿ ಬಚ್ಚಿಡದೆ, ಚರ್ಮವಾದ್ಯದ ಮೇಲೆ ಬಡಿದು, ಊರ ನಡುವೆ ಎಲ್ಲರೂ ಸೇರಿ ಕೂಗುವ ರೂಢಿ ಇದು. ಡೂಮ್ ಕಛೇರಿಯಲ್ಲಿ ನಡೆಯುವುದಕ್ಕೆ ನಮ್ಮಲ್ಲಿ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಇದಕ್ಕೆ ಬರುವ ಮರುಪ್ರಶ್ನೆ ಸರಿಯಾದದ್ದೇ. ಮೊಹರಮ್ಮಿಗೆ ನಂಬಿಕೆ ಇದೆ, ಜಾತ್ರೆಯ ಕರಡಿಗೆ ದೇವರಿದ್ದಾನೆ, ಇಡೀ ಊರೇ ಅದರ ಹಿಂದಿದೆ. ಟಿಕೆಟ್ ಕೊಂಡು, ಬಿಯರ್ ಹಿಡಿದು ನಿಲ್ಲುವವರ ಕಛೇರಿಯನ್ನು ಅದರ ಪಕ್ಕ ಇಡುವುದು ಹೇಗೆ? ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕರಡಿ ಮಂಗಳವಾದ್ಯ, ಡೂಮ್ ಅಮಂಗಳವನ್ನೇ ವಸ್ತು ಮಾಡಿಕೊಂಡದ್ದು. ಕರಡಿ ಬಾರಿಸುವವನಿಗೂ ಕೇಳುವವನಿಗೂ ಒಂದೇ ಊರಿನ ನಂಟು ಇರುತ್ತದೆ, ಬೆಂಗಳೂರಿನ ಸಭಾಂಗಣದಲ್ಲಿ ಪಕ್ಕದವನ ಹೆಸರು ಗೊತ್ತಿರುವುದಿಲ್ಲ. ನನ್ನ ವಾದ ಕಿವಿಯ ತಯಾರಿಯ ಬಗ್ಗೆಯೇ ಹೊರತು ಅರ್ಥದ ಬಗ್ಗೆ ಅಲ್ಲ. ನಿಧಾನವನ್ನು, ಭಾರವನ್ನು, ಗಟ್ಟಿ ಶೋಕವನ್ನು ಸಂಗೀತವೆಂದು ಕೇಳಬಲ್ಲ ಕಿವಿ ಒಂದು ಸಾಮರ್ಥ್ಯ. ಅದು ಭಕ್ತಿಯಿಂದ ಬಂದಿರಬಹುದು, ಒಮ್ಮೆ ಬಂದ ಮೇಲೆ ಭಕ್ತಿಯ ಆಚೆಗೂ ಕೆಲಸ ಮಾಡುತ್ತದೆ. ಬೆಂಗಳೂರಿನ ಡೂಮ್ ತಂಡಗಳ ಮೇಲೆ ನನ್ನ ದೂರು ಬೇರೆಯೇ ಇದೆ. ಅವುಗಳ ಬಹುಪಾಲು ಹಾಡುಗಳು ಇಂಗ್ಲಿಷಿನಲ್ಲಿವೆ. ಇತ್ತ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಬೀಳಗಿ ತಾಲ್ಲೂಕಿನ ಊರುಗಳು ಮುಳುಗಿವೆ, 2019ರಲ್ಲಿ ಕೃಷ್ಣೆ, ಘಟಪ್ರಭೆಯರ ನೆರೆ ಈ ತಾಲ್ಲೂಕುಗಳನ್ನು ಮುಳುಗಿಸಿ ಹೋಯಿತು. ಡೂಮ್‌ಗೆ ಇದಕ್ಕಿಂತ ಭಾರದ ವಸ್ತು ಬೇಕೆ? ಮುಳುಗಡೆಯ ಮೇಲೆ ಹತ್ತು ನಿಮಿಷದ ಒಂದು ಕನ್ನಡ ಹಾಡು ಬಂದರೆ, ಈ ಸಂಗೀತ ಹೊರಗಿನದು ಎಂಬ ಆಕ್ಷೇಪಕ್ಕೆ ಯಾವ ಲೇಖನವೂ ಬೇಕಾಗುವುದಿಲ್ಲ.

ಸೈತಾನನ ಸಂಗೀತ ಎಂಬ ಆಪಾದನೆಯನ್ನು ಬೇಗ ಮುಗಿಸಬಹುದು. ಸಬ್ಬತ್ ತಂಡದ ಹೆಸರನ್ನೇ ಹೊತ್ತ ಹಾಡಿನ ರಿಫ್‌ನಲ್ಲಿ ಇರುವುದು ಮೂರೇ ಸ್ವರ: ಷಡ್ಜ, ಅದರ ಮೇಲಿನ ಷಡ್ಜ, ಅಲ್ಲಿಂದ ಇಳಿದು ಬಂದು ನಿಲ್ಲುವ ತೀವ್ರ ಮಧ್ಯಮ. ಷಡ್ಜದಿಂದ ತೀವ್ರ ಮಧ್ಯಮದ ಆ ಅಂತರಕ್ಕೆ ಯುರೋಪಿನಲ್ಲಿ ಸೈತಾನನ ಹೆಸರು ಅಂಟಿತ್ತು, ಸಬ್ಬತ್ ತಂಡದ ಭಯಂಕರ ಖ್ಯಾತಿಗೆ ಅದೂ ಒಂದು ಕಾರಣ. ನಮ್ಮಲ್ಲಿ ತೀವ್ರ ಮಧ್ಯಮವಿಲ್ಲದೆ ಯಮನ್ ಇಲ್ಲ, ಪೂರಿಯಾ ಇಲ್ಲ, ಮಾರವಾ ಇಲ್ಲ. ಸಂಗೀತ ಕಲಿಯಲು ಕೂತ ಮಗುವಿಗೆ ಮೊದಲು ಹೇಳಿಕೊಡುವ ರಾಗಗಳಲ್ಲೇ ಯಮನ್ ಇದೆ. ಇಲ್ಲಿನ ಕಿವಿಗೆ ಆ ಸ್ವರ ಹೆದರಿಸುವುದಿಲ್ಲ, ಸಂಜೆಯನ್ನು ನೆನಪಿಸುತ್ತದೆ. ಇನ್ನು ಕೇಳಿದವರು ಉಗ್ರರಾಗುತ್ತಾರೆ ಎಂಬ ಭಯ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇಂಥ ಸಂಗೀತ ಕೇಳುವ 39 ಜನರಿಗೆ ಬೇಕೆಂದೇ ಸಿಟ್ಟು ಬರಿಸಿ, ಆಮೇಲೆ ಅರ್ಧದಷ್ಟು ಜನರನ್ನು ತಮಗಿಷ್ಟವಾದ ಹಾಡು ಕೇಳಲು ಬಿಟ್ಟರು, ಉಳಿದವರನ್ನು ಮೌನದಲ್ಲಿ ಕೂರಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಾಡು ಸಿಟ್ಟನ್ನು ಹೆಚ್ಚಿಸಲಿಲ್ಲ, ಕೇಳಿದವರನ್ನು ಹುರುಪಿಗೆ ತಂದಿತು. ಮೂವತ್ತೊಂಬತ್ತು ಜನ ಚಿಕ್ಕ ಗುಂಪು, ಅವರೆಲ್ಲ ಆಗಲೇ ಅಭಿಮಾನಿಗಳು ಬೇರೆ. ಹಾಗಾಗಿ ಇದೇ ಕೊನೆಯ ಮಾತಲ್ಲ, ಆದರೆ ಭಯಪಡುವವರು ಇದಕ್ಕೂ ಉತ್ತರ ಕೊಡಬೇಕಾಗುತ್ತದೆ.

ನಿಜವಾಗಿ ಉತ್ತರಿಸಬೇಕಾದ ಆಕ್ಷೇಪ ಸದ್ದಿನದು. ಗಣೇಶೋತ್ಸವದಲ್ಲಿ, ಮದುವೆ ಮೆರವಣಿಗೆಯಲ್ಲಿ ಡಿಜೆ ಗಾಡಿಗಳು ಹಾದುಹೋಗುವಾಗ ಕಿಟಕಿಯ ಗಾಜು ನಡುಗುವುದನ್ನು, ಹಿರಿಯರು ಎದೆ ಹಿಡಿದು ಕೂರುವುದನ್ನು ಕಂಡ ಊರುಗಳಿವು. ಅದೇ ಸಾಲದು ಅಂತ ಇನ್ನೊಂದು ಗದ್ದಲವೆ? ಕಾನೂನು ಸ್ಪಷ್ಟವಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಧ್ವನಿವರ್ಧಕ ಹಚ್ಚಿದ ಸಾರ್ವಜನಿಕ ಜಾಗದ ಎಲ್ಲೆಯಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಎರಡರಲ್ಲಿ ಕಡಿಮೆ ಯಾವುದೋ ಅದನ್ನು ಮೀರುವಂತಿಲ್ಲ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು, ವರ್ಷಕ್ಕೆ ಹೆಚ್ಚೆಂದರೆ ಹದಿನೈದು ದಿನ ಮಧ್ಯರಾತ್ರಿವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಸುಪ್ರೀಂ ಕೋರ್ಟ್ 2005ರ ಜುಲೈ 18ರ ತೀರ್ಪಿನಲ್ಲಿ, ಬೇಡವಾದ ಸದ್ದನ್ನು ಕೇಳಲೇಬೇಕೆಂದು ಯಾರನ್ನೂ ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ ಎಂಬ ನಿಲುವು ತಳೆಯಿತು. ಇದರಲ್ಲಿ ಒಂದು ತೂತೂ ಇದೆ. ನಿಯಮ ಹೇಳುವುದು ‘ಎ’ ಮಾಪನದ ಡೆಸಿಬೆಲ್. ಅದು ಕಿವಿಯ ಮಂಕುತನವನ್ನು ಅನುಸರಿಸಿ ಮಂದ್ರವನ್ನು ಕಡಿತ ಮಾಡಿ ಲೆಕ್ಕ ಹಿಡಿಯುತ್ತದೆ. 50 ಹರ್ಟ್ಸ್ ಸದ್ದಿನಿಂದ ಅದು ಸುಮಾರು 30 ಡೆಸಿಬೆಲ್ ಕಳೆದುಬಿಡುತ್ತದೆ. ಗಾಜು ನಡುಗಿದರೂ ಮೀಟರು ಅಷ್ಟಾಗಿ ಏರದಿರುವುದು ಈ ಕಾರಣಕ್ಕೆ. ಮಂದ್ರವನ್ನು ಹೆಚ್ಚು ಕಡಿಯದ ‘ಸಿ’ ಮಾಪನದಲ್ಲೂ ಅಳೆಯಬೇಕೆಂದು ಕೇಳುವುದು ನ್ಯಾಯ. ಆ ನಿಯಮ ಡೂಮ್ ತಂಡಗಳಿಗೆ ಡಿಜೆಗಳಷ್ಟೇ ಬಿಗಿಯಾಗುತ್ತದೆ. ಆಗಲಿ.

ಆದರೆ ಈ ಆಕ್ಷೇಪವನ್ನು ಸರಿಯಾಗಿ ಎಳೆದರೆ ಅದು ಡಿಜೆ ಗಾಡಿಯ ಮೇಲೆ ಬೀಳುತ್ತದೆ, ಕಛೇರಿಯ ಮೇಲಲ್ಲ. ಕರಡಿಯ ಸದ್ದಿಗೆ ಬಾರಿಸುವವನ ರಟ್ಟೆಯೇ ಮಿತಿ, ಅವನು ದಣಿದಾಗ ಸದ್ದೂ ನಿಲ್ಲುತ್ತದೆ. ಡಿಜೆಗೆ ದಣಿವಿಲ್ಲ, ಬಾರಿಸುವವನೂ ಇಲ್ಲ. ಅದು ಕೇಳಲು ಬಂದವರನ್ನು ಬಿಟ್ಟು ಕೇಳಲೊಲ್ಲದವರ ಮನೆ ಬಾಗಿಲಿಗೆ ಹೋಗುತ್ತದೆ. ಮದುವೆಗಳಲ್ಲಿ ಕರಡಿ, ಹಲಗಿಯವರ ಜಾಗ ಹಿಡಿದದ್ದೂ ಅದೇ. ನಾಲ್ಕು ಗೋಡೆಯೊಳಗೆ ಬಾಗಿಲು ಹಾಕಿಕೊಂಡು, ಬಂದವರಿಗೆ ಮಾತ್ರ, ಕೈಯಿಂದ ನುಡಿಸುವ ಸಂಗೀತ ಇನ್ನೊಂದು ಬಗೆಯದು. ಒಳಗಿರುವವರ ಕಿವಿಯ ಮಾತು ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕಛೇರಿಗಳಿಗೆ ಅಳತೆ ಹಾಕಿಕೊಟ್ಟಿದೆ: ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು, ಕಿವಿಗೆ ಇಟ್ಟುಕೊಳ್ಳುವ ಪ್ಲಗ್ ಕೊಡಬೇಕು, ದಣಿದ ಕಿವಿಗೆ ಸದ್ದು ಕಡಿಮೆ ಇರುವ ಒಂದು ಜಾಗ ಇರಬೇಕು. ಡೂಮ್ ತಂಡಗಳಲ್ಲಿ ಸದ್ದನ್ನೇ ಶೌರ್ಯ ಮಾಡಿಕೊಂಡವರು ಇದ್ದಾರೆ, ಅವರಿಗೆ ಈ ಮಾತು ಹಿಡಿಸುವುದಿಲ್ಲ. ಅವರ ಮುಲಾಜು ಬೇಡ. ಹಾಗೆ ನೋಡಿದರೆ, ಒಂದು ಸಂಜೆಯ ಕಛೇರಿಗಿಂತ ಹೆಚ್ಚು ಚಿಂತೆ ಮಾಡಬೇಕಾದದ್ದು ಪವರ್‌ಲೂಮ್ ಶೆಡ್ಡಿನ ಬಗ್ಗೆ. ಅಲ್ಲಿನ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ, ದಿನಕ್ಕೆ ಎಂಟು ಗಂಟೆಗೆ ಕಾರ್ಖಾನೆ ಕಾನೂನು ಇಟ್ಟ ಗೆರೆಯೂ 90. ನೇಕಾರರು ಅದರ ನಡುವೆ ಬರಿಗಿವಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡುತ್ತಾರೆ. ಆ ಸದ್ದಿಗೆ ಟಿಕೆಟ್ಟೂ ಇಲ್ಲ, ಅದರ ಬಗ್ಗೆ ಯಾರ ಆಕ್ಷೇಪವೂ ಇಲ್ಲ.

ಹಾಗಾಗಿ ಒಂದು ಕೋರಿಕೆ. ಮುಧೋಳದಲ್ಲಿ 2025ರಲ್ಲಿ ರನ್ನ ವೈಭವ ನಡೆದಿದೆ. ಮುಂದಿನ ಸಲ ಸಿನಿಮಾ ಹಾಡಿನ ರಾತ್ರಿಯೊಂದನ್ನು ಕಡಿಮೆ ಮಾಡಿ, ಮುಚ್ಚಿದ ಸಭಾಂಗಣದಲ್ಲಿ ಒಂದು ಸಂಜೆ ಇಡಿ. ಮೊದಲು ಜಮಖಂಡಿ ಅಥವಾ ಬೀಳಗಿ ಕಡೆಯ ಕರಡಿ ಮಜಲಿನವರು ಮೈಕಿಲ್ಲದೆ ಒಂದು ಗಂಟೆ ಬಾರಿಸಲಿ, ಆಮೇಲೆ ಬೆಂಗಳೂರಿನ ಒಂದು ಡೂಮ್ ತಂಡ ಒಂದು ಗಂಟೆ ನುಡಿಸಲಿ. ಕರಡಿಯವರಿಗೆ ಬರೀ ಶಾಲು, ಹಾರ ಹಾಕಿ ಕಳಿಸದೆ, ಬ್ಯಾಂಡಿನವರಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ಬಾಗಿಲಲ್ಲಿ ಕಿವಿಗೆ ಪ್ಲಗ್ ಹಂಚಿ, ಒಳಗೆ ಮೀಟರು ಇಡಿ, ಹತ್ತು ಗಂಟೆಗೆ ಮುಗಿಸಿ. ಕೇಳಲು ಹೋಗುವವರು ಫೋನನ್ನು ಕಿಸೆಯಲ್ಲಿ ಇಟ್ಟುಕೊಂಡರೆ ಸಾಕು, ಅದರಲ್ಲಿ ಹೇಗೂ ಆ ಸದ್ದು ಹಿಡಿಯುವುದಿಲ್ಲ.